ಚಿಕಿತ್ಸೆ ಬೇಕಿರುವುದು ನಿಮ್ಮ ತಮ್ಮನ ನಿದ್ದೆಗೆ

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ಹೋದ ತಿಂಗಳು ಒಂದು ರಾತ್ರಿ ನನ್ನ ಪಕ್ಕ ಬಂದು ಕೂತ. ಹುಡುಗಿಯರ ಮೇಲೆ ತನಗೆ ಯಾವತ್ತೂ ಮನಸ್ಸಾಗಿಲ್ಲ, ಇಷ್ಟವಾಗುವುದು ಹುಡುಗರೇ ಎಂದು ಹೇಳಿಕೊಂಡು ಅತ್ತ. ಆರು ತಿಂಗಳಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕೆಲಸಕ್ಕೆ ಪದೇ ಪದೇ ರಜೆ ಹಾಕುತ್ತಾನೆ. "ಇದ್ದು ಏನು ಮಾಡಬೇಕು ಅಕ್ಕ" ಎಂದು ಎರಡು ಸಲ ಅಂದಿದ್ದಾನೆ. ಸಲಿಂಗಕಾಮ ಕಾಯಿಲೆಯಲ್ಲ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದರ ಪಕ್ಕದಲ್ಲೇ, ಇಂಥವರಲ್ಲಿ ಖಿನ್ನತೆ, ಆತ್ಮಹತ್ಯೆ ಜಾಸ್ತಿ ಅಂತಲೂ ಬರೆದಿರುತ್ತಾರೆ. ಕಾಯಿಲೆ ಅಲ್ಲದಿದ್ದರೆ ಇವನ್ಯಾಕೆ ಹೀಗಾದ? ಮೊದಲು ಇದು ಕಾಯಿಲೆಗಳ ಪಟ್ಟಿಯಲ್ಲಿತ್ತಂತೆ, ಗಲಾಟೆ ಮಾಡಿ ವೋಟು ಹಾಕಿ ತೆಗೆಸಿದರಂತೆ, ನಿಜವಾ? ಯಾರದೋ ವಿಷಯ ಎನ್ನುವ ಹಾಗೆ ಬಂಧುವೊಬ್ಬರನ್ನು ವಿಚಾರಿಸಿದೆ. ಇದನ್ನು 'ಸರಿ ಮಾಡುವ' ಡಾಕ್ಟರು ಅವರಿಗೆ ಗೊತ್ತಂತೆ. ಕರೆದುಕೊಂಡು ಹೋಗಲಾ? ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು "ಇದ್ದು ಏನು ಮಾಡಬೇಕು ಅಕ್ಕ" ಎಂಬ ಮಾತು. ಅಲ್ಲಿಂದಲೇ ಶುರು ಮಾಡುತ್ತೇನೆ, ಉಳಿದದ್ದು ಆಮೇಲೆ.

ಇವತ್ತೇ ಅವನ ಪಕ್ಕ ಕೂತು ನೇರವಾಗಿ ಕೇಳಿ. "ಸಾಯುವ ಯೋಚನೆ ಬರುತ್ತಿದೆಯಾ? ಹೇಗೆ ಅಂತಲೂ ಯೋಚಿಸಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಎಲ್ಲರಿಗೂ ಇರುತ್ತದೆ. ಹಾಗಾಗುವುದಿಲ್ಲ. ಬಹಳ ಜನಕ್ಕೆ ಯಾರಾದರೂ ಕೇಳಿದರಲ್ಲ ಎಂಬ ಸಮಾಧಾನವೇ ಆಗುತ್ತದೆ. ಅವನು ಹೌದು ಎಂದರೆ, ಅದರಲ್ಲೂ ದಾರಿಯನ್ನೂ ಯೋಚಿಸಿಟ್ಟಿದ್ದರೆ, ಒಬ್ಬನೇ ಇರಲು ಬಿಡಬೇಡಿ. ಅವತ್ತೇ ಮನೋವೈದ್ಯರ ಬಳಿಗೋ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಕರೆದುಕೊಂಡು ಹೋಗಿ. "ಅಷ್ಟೇನಿಲ್ಲ ಅಕ್ಕ" ಎಂದರೂ ಈ ವಾರದೊಳಗೆ ತೋರಿಸಿ. ನಿದ್ದೆಯಿಲ್ಲ, ಊಟ ಬೇಡ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಬದುಕು ಬೇಡ ಅನ್ನಿಸುತ್ತಿದೆ. ಇಂಥವು ಎರಡು ವಾರ ಬಿಡದೆ ಇದ್ದರೇ ನಾವು ಖಿನ್ನತೆ ಇದೆಯಾ ಅಂತ ನೋಡಲು ಶುರು ಮಾಡುತ್ತೇವೆ. ನಿಮ್ಮ ತಮ್ಮನದು ಆರು ತಿಂಗಳು. ಖಿನ್ನತೆ ಕಾಯಿಲೆ, ಅದರಲ್ಲಿ ಅನುಮಾನ ಬೇಡ. ಒಳ್ಳೆಯ ಸುದ್ದಿ ಅಂದರೆ ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ, ಕೆಲವರಿಗೆ ಎರಡೂ ಬೇಕಾಗುತ್ತದೆ.

ಅಂದರೆ ಡಾಕ್ಟರ ಬಳಿ ಹೋಗುವುದೇನೋ ಸರಿ. ಯಾವುದಕ್ಕೆ ಹೋಗುತ್ತಿದ್ದೀರಿ ಎನ್ನುವುದು ಮುಖ್ಯ. ಒಂದೇ ಬಾಗಿಲಲ್ಲಿ ಎರಡು ವಿಷಯ ಒಟ್ಟಿಗೆ ಒಳಗೆ ಬಂದಿವೆ. ಒಂದು, ಅವನಿಗೆ ಯಾರು ಇಷ್ಟವಾಗುತ್ತಾರೆ ಎಂಬುದು. ಇನ್ನೊಂದು, ಅವನು ನಿದ್ದೆಗೆಟ್ಟು ನರಳುತ್ತಿರುವುದು. ಎರಡನೆಯದಕ್ಕೆ ಚಿಕಿತ್ಸೆ ಬೇಕು. ಮೊದಲನೆಯದರ ತಂಟೆಗೆ ಡಾಕ್ಟರು ಹೋಗಬಾರದು.

ಹೇಳುವಷ್ಟು ಸುಲಭವಲ್ಲ ಇದು. ನಾನೇ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಬಂದಿದ್ದ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತದೆ, ಸತ್ತೇ ಹೋದೆ ಅನ್ನಿಸುತ್ತದೆ ಎಂದ. ಮಾತಿನ ನಡುವೆ ತಾನು ಗೇ ಎಂದೂ ಹೇಳಿದ. ಅಷ್ಟೇ, ನನ್ನ ಕಿವಿ ಅದೊಂದನ್ನೇ ಹಿಡಿದುಕೊಂಡಿತು. ಮೂರು ಭೇಟಿ ಪೂರ್ತಿ ಅವನ ಬಾಲ್ಯ ಕೆದಕಿದೆ. ಅಪ್ಪ ಜೋರಾ? ಅಮ್ಮನಿಗೆ ಅಂಟಿಕೊಂಡಿದ್ದೆಯಾ? ನಾಲ್ಕನೇ ಸಲ ಅವನು ಬರಲಿಲ್ಲ. ಆ ಎದೆಬಡಿತದ ಬಗ್ಗೆ ನಾನು ಸರಿಯಾಗಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನನ್ನ ಆ ಪ್ರಶ್ನೆಗಳು ಹಳೆಯ ಪುಸ್ತಕಗಳಿಂದ ಬಂದವು. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಮಾನಸಿಕ ಕಾಯಿಲೆಗಳ ಕೈಪಿಡಿ ತಂದಾಗ ಸಲಿಂಗಕಾಮ ಅದರಲ್ಲಿತ್ತು. 1968ರ ಎರಡನೇ ಆವೃತ್ತಿಯಲ್ಲೂ ಇತ್ತು. ತಮಾಷೆ ಅಂದರೆ, ಈ ವಿಷಯದಲ್ಲಿ ಎಲ್ಲರೂ ಬೈಯುವ, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಈ ಸಂಘದವರಿಗಿಂತ ಮುಂದಿದ್ದ. ಮಗನ ಬಗ್ಗೆ ಚಿಂತೆಯಲ್ಲಿದ್ದ ಅಮೆರಿಕದ ತಾಯಿಯೊಬ್ಬಳಿಗೆ 1935ರಲ್ಲೇ ಉತ್ತರ ಬರೆದು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಇದನ್ನು ಕಾಯಿಲೆಯೆಂದು ಎಣಿಸಲಾಗದು ಎಂದಿದ್ದ. ಆಮೇಲೆ ಬಂದ ಅವನ ಹಿಂಬಾಲಕರೇ ಅದನ್ನು ಕಾಯಿಲೆ ಮಾಡಿ ಕೂರಿಸಿದರು.

ಅವರು ಸುಳ್ಳು ಹೇಳಿದರು ಅಂತಲ್ಲ. ಅವರ ಎಣಿಕೆಯೇ ತಪ್ಪಿತ್ತು. ಇರ್ವಿಂಗ್ ಬೀಬರ್ ಎಂಬ ಮನೋವೈದ್ಯ ಮತ್ತು ಸಂಗಡಿಗರು 1962ರಲ್ಲಿ 106 ಸಲಿಂಗಿ ಗಂಡಸರ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಸಮಸ್ಯೆ ಇತ್ತು. ಇರದೆ ಏನು? ಅಷ್ಟೂ ಜನ ಅದಾಗಲೇ ಮನೋವೈದ್ಯರ ಬಳಿ ಚಿಕಿತ್ಸೆಯಲ್ಲಿದ್ದವರು! ಕಣ್ಣಿನ ಆಸ್ಪತ್ರೆಯಲ್ಲಿ ಕೂತು ಜನರನ್ನು ಎಣಿಸಿದರೆ ಊರಲ್ಲಿ ಯಾರಿಗೂ ಕಣ್ಣು ಕಾಣುವುದಿಲ್ಲ ಅನ್ನಿಸುತ್ತದೆ ಅಲ್ವಾ, ಹಾಗೆ.

ಆಸ್ಪತ್ರೆಯ ಹೊರಗೆ ಹೋಗಿ ನೋಡಿದ್ದು ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ. ಲಾಸ್ ಏಂಜಲೀಸ್‌ನಲ್ಲಿ ಪಾಠ ಮಾಡುತ್ತಿದ್ದರು. ಅವರ ವಿದ್ಯಾರ್ಥಿಯೊಬ್ಬ ತನ್ನ ಗೆಳೆಯರನ್ನು ಪರಿಚಯಿಸಿ, ನಮ್ಮಂಥವರನ್ನು ಅಭ್ಯಾಸ ಮಾಡುವುದು ನಿಮ್ಮ ಕರ್ತವ್ಯ ಎಂದು ದುಂಬಾಲು ಬಿದ್ದಿದ್ದ. ಹೂಕರ್ 30 ಸಲಿಂಗಿ ಗಂಡಸರನ್ನು, 30 ಸಲಿಂಗಿಗಳಲ್ಲದ ಗಂಡಸರನ್ನು ಒಟ್ಟುಮಾಡಿದರು. ವಯಸ್ಸು, ಓದು, ಬುದ್ಧಿಮಟ್ಟ ಮೂರನ್ನೂ ಹೊಂದಿಸಿ ಜೋಡಿ ಮಾಡಿದರು. ಇವರಲ್ಲಿ ಯಾರೂ ಚಿಕಿತ್ಸೆಗೆ ಹೋಗುತ್ತಿದ್ದವರಲ್ಲ. ಗುಟ್ಟು ಹೊರಗೆ ಬಿದ್ದರೆ ಕೆಲಸ ಹೋಗುವ, ಜೈಲಿಗೂ ಹೋಗಬಹುದಾದ ಕಾಲ. ಅದಕ್ಕೇ ಅವರನ್ನು ಕಾಲೇಜಿಗೆ ಕರೆಸದೆ ತಮ್ಮ ಮನೆಯ ತೋಟದಲ್ಲಿದ್ದ ಓದುಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ಎಲ್ಲರಿಗೂ ಮನಸ್ಸಿನ ಪರೀಕ್ಷೆಗಳನ್ನು ಕೊಟ್ಟರು. ಶಾಯಿ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ರೋರ್ಶಾಕ್ ಪರೀಕ್ಷೆ ಅದರಲ್ಲೊಂದು. ಆಮೇಲೆ ಹೆಸರು, ಗುರುತು ಎಲ್ಲ ಅಳಿಸಿ ಆ ಉತ್ತರಗಳನ್ನು ಆ ಕಾಲದ ದೊಡ್ಡ ಪರಿಣತರ ಮುಂದಿಟ್ಟರು.

ರೋರ್ಶಾಕ್ ವಿಷಯದಲ್ಲಿ ಬ್ರೂನೋ ಕ್ಲಾಪ್ಫರ್ ಅಂದರೆ ಕೊನೆ ಮಾತು. ಅಂಥವರಿಗೂ ಜೋಡಿಯಲ್ಲಿ ಸಲಿಂಗಿ ಯಾರು ಎಂದು ಗುರುತು ಹಿಡಿಯಲು ಆಗಲಿಲ್ಲ. ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಮನಸ್ಸಿನ ಆರೋಗ್ಯಕ್ಕೆ ಅಂಕ ಹಾಕಿಸಿದಾಗ ಎರಡೂ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನ ಸರಾಸರಿ ಅಥವಾ ಅದಕ್ಕಿಂತ ಮೇಲೆ ಬಂದರು. ಇದು 1957ರಲ್ಲಿ ಪ್ರಕಟವಾಯಿತು. 60 ಜನರ ಅಧ್ಯಯನ ದೊಡ್ಡದೇನಲ್ಲ, ಶಾಯಿ ಕಲೆಯ ಪರೀಕ್ಷೆಯನ್ನು ಇವತ್ತು ನಾವು ಅಷ್ಟೊಂದು ನೆಚ್ಚುವುದೂ ಇಲ್ಲ. ಆದರೆ 'ನೋಡಿದ ತಕ್ಷಣ ಗೊತ್ತಾಗುತ್ತದೆ, ಇದು ಕಾಯಿಲೆ' ಎನ್ನುತ್ತಿದ್ದವರ ಕೈಗೇ ಅವರದೇ ಅಳತೆಗೋಲು ಕೊಟ್ಟು, ಅಳೆದು ತೋರಿಸಿ ಎಂದರಲ್ಲ, ಅದು ನನಗೆ ಇಷ್ಟ.

ಈಗ ವೋಟಿನ ಕಥೆ. ನಿಮಗೆ ಹೇಳಿದವರು ಅರ್ಧ ಸರಿ ಹೇಳಿದ್ದಾರೆ. ಗಲಾಟೆ ಆಗಿದ್ದು ನಿಜ. 1970ರಿಂದ ಹೋರಾಟಗಾರರು ಮನೋವೈದ್ಯರ ಸಮ್ಮೇಳನಗಳಿಗೆ ನುಗ್ಗಿದರು. 1972ರಲ್ಲಿ ಡಲ್ಲಾಸ್ ಸಮ್ಮೇಳನದ ವೇದಿಕೆಗೆ ಒಬ್ಬ ಮನೋವೈದ್ಯ ರಬ್ಬರ್ ಮುಖವಾಡ ಹಾಕಿಕೊಂಡು, ದೊಗಳೆ ಸೂಟು ತೊಟ್ಟು, ದನಿ ಬದಲಿಸುವ ಮೈಕ್ ಹಿಡಿದು ಬಂದ. 'ನಾನು ಸಲಿಂಗಿ, ನಾನು ಮನೋವೈದ್ಯನೂ ಹೌದು' ಎಂದ. ಸಭೆಗೆ ಅವನ ಹೆಸರು 'ಡಾಕ್ಟರ್ ಎಚ್. ಅನಾನಿಮಸ್' ಅಂತಷ್ಟೇ ಗೊತ್ತಿದ್ದದ್ದು. ಆತ ಜಾನ್ ಫ್ರೈಯರ್. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರ ಸಾಲಿನಲ್ಲೇ ಅವನೂ ಕೂರುತ್ತಿದ್ದ, ರೋಗಿಗಳನ್ನು ನೋಡುತ್ತಿದ್ದ. ಮುಖವಾಡ ಇಲ್ಲದೆ ಆ ಮಾತು ಆಡಿದ್ದರೆ ಮಾತ್ರ ಕೆಲಸ ಹೋಗುತ್ತಿತ್ತು.

1973ರ ಡಿಸೆಂಬರ್‌ನಲ್ಲಿ ಸಂಘದ ಆಡಳಿತ ಮಂಡಳಿ ಸಲಿಂಗಕಾಮವನ್ನು ಪಟ್ಟಿಯಿಂದ ತೆಗೆಯಿತು. ಒಪ್ಪದ ಸದಸ್ಯರು ವೋಟು ಹಾಕಿಸಿ ಎಂದು ಪಟ್ಟು ಹಿಡಿದರು. ಹೌದು, ವೋಟು ಕೇಳಿದ್ದು ಅದು ಕಾಯಿಲೆ ಎನ್ನುತ್ತಿದ್ದ ಬಣ! 1974ರಲ್ಲಿ ವೋಟಾಯಿತು, ಶೇಕಡ 58 ಜನ ಮಂಡಳಿಯ ತೀರ್ಮಾನವನ್ನು ಎತ್ತಿಹಿಡಿದರು. ವೋಟು ಹಾಕಿ ವಿಜ್ಞಾನ ತೀರ್ಮಾನ ಆಗುತ್ತದಾ ಎಂದು ಕೇಳಿದರೆ, ಆಗುವುದಿಲ್ಲ. ಆದರೆ ಅದನ್ನು ಪಟ್ಟಿಗೆ ಸೇರಿಸುವಾಗಲೂ ಯಾರೂ ರಕ್ತಪರೀಕ್ಷೆ ಮಾಡಿರಲಿಲ್ಲ. ಸಮಿತಿಯಲ್ಲಿ ಕೂತವರ ಅಭಿಪ್ರಾಯವೇ ಅಂದೂ ಬರಹವಾದದ್ದು. ತೆಗೆಯುವಾಗ ಕೇಳಿದ ಪ್ರಶ್ನೆ ಮಾತ್ರ ಮೊದಲಿಗಿಂತ ನೇರವಾಗಿತ್ತು: ಇದು ತನ್ನಷ್ಟಕ್ಕೆ ತಾನೇ ನೋವು ಕೊಡುತ್ತದಾ? ಮನುಷ್ಯ ಕೆಲಸ ಮಾಡದ ಹಾಗೆ, ಪ್ರೀತಿಸದ ಹಾಗೆ, ನಾಲ್ಕು ಜನರ ಜೊತೆ ಬಾಳದ ಹಾಗೆ ಮಾಡುತ್ತದಾ? ನೋಡಿದರೆ, ಇಲ್ಲ. ಆಮೇಲಿನ ಐವತ್ತು ವರ್ಷದ ಅಧ್ಯಯನಗಳೂ ಆ ಉತ್ತರವನ್ನು ಬದಲಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತನ್ನ ಪಟ್ಟಿಯಿಂದಲೂ ತೆಗೆಯಿತು.

ಒಂದು ಬಾಲ ಉಳಿದಿತ್ತು. 1980ರ ಅಮೆರಿಕದ ಕೈಪಿಡಿಯಲ್ಲಿ, ಸಲಿಂಗಕಾಮ ಕಾಯಿಲೆಯಲ್ಲ, ಆದರೆ ತಾನು ಸಲಿಂಗಿಯಾಗಿರುವುದು ತನಗೇ ಬೇಡವಾಗಿದ್ದರೆ ಅದು ಕಾಯಿಲೆ ಎಂದು ಬರೆದರು. ನಿಮ್ಮ ಗೊಂದಲವೂ ಹೆಚ್ಚುಕಡಿಮೆ ಇದೇ ತಾನೇ? ಅವನೇ ಇಷ್ಟು ನೊಂದಿದ್ದಾನಲ್ಲ, ಅಂದಮೇಲೆ ಏನೋ ಇರಬೇಕು ಅಂತ. ಆ ತರ್ಕ ಬಹಳ ದಿನ ನಿಲ್ಲಲಿಲ್ಲ. ಚರ್ಮದ ಬಣ್ಣಕ್ಕೆ ಜನ ಆಡಿಕೊಂಡು ಒಬ್ಬ ಹುಡುಗಿ ಕೊರಗಿದರೆ ಅವಳ ಬಣ್ಣಕ್ಕೆ ರೋಗದ ಹೆಸರು ಇಡುವುದಿಲ್ಲ. ಕೊರಗಿಗೆ ಇಡುತ್ತೇವೆ. 1987ರಲ್ಲಿ ಆ ಬಾಲವನ್ನೂ ಕತ್ತರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅಂಥದ್ದೇ ಒಂದು ತುಣುಕು ಇತ್ತು. 2022ರಿಂದ ಜಾರಿಯಲ್ಲಿರುವ ಹೊಸ ಪಟ್ಟಿಯಲ್ಲಿ ಅದೂ ಇಲ್ಲ.

ಹಾಗಾದರೆ ಖಿನ್ನತೆ ಯಾಕೆ ಜಾಸ್ತಿ? ಸಂಖ್ಯೆಗಳು ಸುಳ್ಳಲ್ಲ. ಸಲಿಂಗಿಗಳಲ್ಲಿ, ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವರಲ್ಲಿ ಖಿನ್ನತೆ, ಆತಂಕ, ಆತ್ಮಹತ್ಯೆಯ ಪ್ರಯತ್ನ ಉಳಿದವರಿಗಿಂತ ಹೆಚ್ಚು. ಇಲಾನ್ ಮೈಯರ್ ಎಂಬ ಸಂಶೋಧಕ 1995ರಲ್ಲಿ, ಮತ್ತೆ 2003ರಲ್ಲಿ ವಿಸ್ತಾರವಾಗಿ, ಇದಕ್ಕೊಂದು ವಿವರಣೆ ಕೊಟ್ಟ. 'ಮೈನಾರಿಟಿ ಸ್ಟ್ರೆಸ್' ಎನ್ನುತ್ತೇವೆ. ಎಲ್ಲರಿಗೂ ಇರುವ ಒತ್ತಡದ ಮೇಲೆ ಇವರಿಗೆ ಇನ್ನೊಂದು ಒತ್ತಡ. ಬೈಗುಳ, ಹೊಡೆತ, ಮನೆಯಿಂದ ಹೊರಹಾಕುವುದು ಅದರ ಹೊರಗಿನ ಮುಖ. ಒಳಗಿನದು ಸದ್ದಿಲ್ಲದೆ ತಿನ್ನುತ್ತದೆ. ಯಾರಿಗಾದರೂ ಗೊತ್ತಾದೀತು ಎಂಬ ಕಾವಲು, ಜನ ಅನ್ನುವುದನ್ನೇ ತಾನೂ ನಂಬಿ ತನ್ನನ್ನು ತಾನೇ ಹೇಸುವುದು, ಮತ್ತು ಬಚ್ಚಿಡುವ ಕೆಲಸ.

ಬಚ್ಚಿಡುವುದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಅರ್ಥ ಮಾಡಿಸಿದ್ದು ಒಬ್ಬ ಹುಡುಗ. ಗುರುತು ಸಿಗದ ಹಾಗೆ ಹೇಳುತ್ತೇನೆ. ಕನ್ನಡದಲ್ಲಿ ಕ್ರಿಯಾಪದವೇ ಚಾಡಿ ಹೇಳುತ್ತದೆ, ನೋಡಿ. 'ಬಂದ' ಅಂದರೆ ಗಂಡು, 'ಬಂದಳು' ಅಂದರೆ ಹೆಣ್ಣು. ತನ್ನ ಸಂಗಾತಿಯ ಬಗ್ಗೆ ಮನೆಯಲ್ಲಿ ಏನು ಹೇಳಬೇಕಾದರೂ ಅವನು ಬಹುವಚನ ಬಳಸುತ್ತಿದ್ದ. "ಫ್ರೆಂಡ್ ಬಂದಿದ್ರು, ಫ್ರೆಂಡ್ ಸಿನಿಮಾಕ್ಕೆ ಕರೆದ್ರು." ಒಂದು ದಿನ ಅಮ್ಮ ನಗುತ್ತಾ, "ಅದ್ಯಾರಪ್ಪ ಅಷ್ಟೊಂದು ಮರ್ಯಾದೆಯ ಫ್ರೆಂಡು?" ಎಂದರಂತೆ. ಅವತ್ತು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಅಮ್ಮನಿಗೆ ಗೊತ್ತಾಯಿತಾ, ಸುಮ್ನೆ ತಮಾಷೆ ಮಾಡಿದರಾ ಎಂದು ಬೆಳಗಿನವರೆಗೂ ಆ ಒಂದು ಸಾಲನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾಯಿಗೆ ಬರುವ ಮುಂಚೆ ಪ್ರತಿ ಕ್ರಿಯಾಪದವನ್ನೂ ತಪಾಸಣೆ ಮಾಡುವುದು ಅಂದರೆ ಯೋಚಿಸಿ. ಹಗಲೆಲ್ಲ, ವರ್ಷಗಟ್ಟಲೆ. ನಿದ್ದೆ ಕೆಡದೆ ಇನ್ನೇನಾಗುತ್ತದೆ?

ಇದು ಬರೀ ಊಹೆ ಆಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಒಲವೇ ಖಿನ್ನತೆ ತರುವುದಾದರೆ ಸುತ್ತಲಿನವರು ಹೇಗೇ ನಡೆದುಕೊಳ್ಳಲಿ, ಅದು ಅಷ್ಟೇ ಇರಬೇಕಿತ್ತು. ಹಾಗೆ ಇಲ್ಲ. ಅಮೆರಿಕದ ಕೆಲವು ರಾಜ್ಯಗಳು 2004–05ರಲ್ಲಿ ಸಲಿಂಗ ಮದುವೆಗೆ ನಿಷೇಧ ಹಾಕಿದವು. ಅದಕ್ಕೆ ಮುಂಚೆ ಮತ್ತು ಆಮೇಲೆ ಒಂದೇ ಜನರನ್ನು ಮಾತಾಡಿಸಿದ ದೊಡ್ಡ ಸಮೀಕ್ಷೆಯೊಂದಿತ್ತು. ನಿಷೇಧ ಬಂದ ರಾಜ್ಯಗಳ ಸಲಿಂಗಿಗಳಲ್ಲಿ ಖಿನ್ನತೆಯಂಥ ಕಾಯಿಲೆಗಳು ಮೂರನೇ ಒಂದಕ್ಕಿಂತ ಹೆಚ್ಚು ಏರಿದ್ದವು. ನಿಷೇಧವಿಲ್ಲದ ಕಡೆ ಹಾಗೆ ಏರಿರಲಿಲ್ಲ. ಇನ್ನು ಕೆಟಲಿನ್ ರಯಾನ್ ತಂಡದ 2009ರ ಅಧ್ಯಯನ ನಿಮ್ಮಂಥ ಅಕ್ಕಂದಿರಿಗೇ ಬರೆದಂತಿದೆ. ಹದಿವಯಸ್ಸಿನಲ್ಲಿ ಮನೆಯವರು ತೀರಾ ತಿರಸ್ಕರಿಸಿದ ಮಕ್ಕಳು, ಅಷ್ಟಾಗಿ ತಿರಸ್ಕರಿಸದ ಮನೆಗಳ ಮಕ್ಕಳಿಗೆ ಹೋಲಿಸಿದರೆ, ಆತ್ಮಹತ್ಯೆಗೆ ಪ್ರಯತ್ನಿಸಿದ ಸಾಧ್ಯತೆ 8.4 ಪಟ್ಟು. ಎರಡೂ ಕಡೆ ಇರುವುದು ಒಂದೇ ಒಲವು. ಬೇರೆಯಾಗಿದ್ದು ಮನೆ.

ಹುಟ್ಟಿನಿಂದ ಬಂದದ್ದಾ, ಸಹವಾಸದಿಂದ ಬಂದದ್ದಾ ಎಂದು ನೀವು ಕೇಳಿಲ್ಲ. ಅಪ್ಪ ಕೇಳುತ್ತಾರೆ, ಅದಕ್ಕೆ ಹೇಳಿಬಿಡುತ್ತೇನೆ. ನಾಲ್ಕೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ನೋಡಿದ 2019ರ ಅಧ್ಯಯನದಲ್ಲಿ 'ಗೇ ಜೀನ್' ಅಂತ ಒಂದು ಸಿಗಲಿಲ್ಲ. ಸಣ್ಣ ಸಣ್ಣ ಪಾಲಿನ ಬಹಳ ವಂಶವಾಹಿಗಳು ಸೇರಿವೆ, ಗರ್ಭದಲ್ಲಿ ಆಗುವ ಕೆಲವು ಸಂಗತಿಗಳೂ ಇರಬಹುದು. ಅಮ್ಮನ ಮುದ್ದು, ಅಪ್ಪನ ಗದರಿಕೆಯಿಂದ ಹೀಗಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಯಾರೂ ಕೂತು ಆರಿಸಿಕೊಂಡದ್ದೂ ಅಲ್ಲ. ನಿಮಗೆ ಯಾರು ಇಷ್ಟವಾಗಬೇಕು ಅಂತ ನೀವು ಯಾವತ್ತು ತೀರ್ಮಾನಿಸಿದಿರಿ?

ಈ ಪದದ ಬಗ್ಗೆಯೂ ನನಗೊಂದು ತಕರಾರಿದೆ. 'ಸಲಿಂಗಕಾಮ' ಅಂದ ಕೂಡಲೇ ಕಿವಿಗೆ ಬೀಳುವುದು ಕಾಮ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕಾಯುವುದನ್ನು, ಜ್ವರ ಬಂದಾಗ ತಲೆ ಒತ್ತುವುದನ್ನು ನಾವು ಆ ಪದದಿಂದ ಕರೆಯುವುದಿಲ್ಲವಲ್ಲ. ನಿಮ್ಮ ತಮ್ಮ ಹೇಳಿದ್ದು ಅದನ್ನೂ ಸೇರಿಸಿ.

ಈಗ ಆ 'ಸರಿ ಮಾಡುವ' ಡಾಕ್ಟರು. ಬೇಡ. ಇದಕ್ಕೆ 'ಕನ್ವರ್ಷನ್ ಥೆರಪಿ' ಎಂಬ ಹೆಸರಿದೆ, ಹಳೆಯ ಕೆಟ್ಟ ಚರಿತ್ರೆಯೂ ಇದೆ. ಗಂಡಸರ ಚಿತ್ರ ತೋರಿಸುತ್ತಾ ಕರೆಂಟ್ ಶಾಕ್ ಕೊಟ್ಟಿದ್ದಾರೆ, ವಾಂತಿ ಬರುವ ಔಷಧಿ ಚುಚ್ಚಿದ್ದಾರೆ. ಈಗ ಹೆಚ್ಚಾಗಿ ಮಾತಿನಲ್ಲಿ, ಪ್ರಾರ್ಥನೆಯಲ್ಲಿ, ಹಾರ್ಮೋನ್ ಇಂಜೆಕ್ಷನ್ನಿನಲ್ಲಿ ಮಾಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2009ರಲ್ಲಿ ಹಿಂದಿನ 83 ಅಧ್ಯಯನಗಳನ್ನು ಜಾಲಾಡಿತು. ಇದರಿಂದ ಒಲವು ಬದಲಾಗುತ್ತದೆ ಎಂದು ನಂಬಲು ಆಧಾರ ಕಾಣಲಿಲ್ಲ. ಹಾನಿಯ ಲಕ್ಷಣ ಕಂಡವು: ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆ. ಈಗಾಗಲೇ "ಇದ್ದು ಏನು ಮಾಡಬೇಕು" ಎನ್ನುತ್ತಿರುವ ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಾ?

ರಾಬರ್ಟ್ ಸ್ಪಿಟ್ಜರ್ ಕಥೆ ಕೇಳಿ. 1973ರಲ್ಲಿ ಪಟ್ಟಿಯಿಂದ ತೆಗೆಸಲು ಮುಂದೆ ನಿಂತ ಮನೋವೈದ್ಯ ಇವರೇ. ಅದೇ ಮನುಷ್ಯ 2003ರಲ್ಲಿ, ಕೆಲವರು ಬದಲಾಗಬಲ್ಲರು ಎಂದು ಒಂದು ಅಧ್ಯಯನ ಪ್ರಕಟಿಸಿದರು. 'ಸರಿ ಮಾಡುವವರು' ಅದನ್ನು ತಲೆ ಮೇಲೆ ಹೊತ್ತು ಮೆರೆದರು. ಸ್ಪಿಟ್ಜರ್ ಮಾಡಿದ್ದೇನು ಅಂದರೆ 200 ಜನಕ್ಕೆ ಫೋನು ಮಾಡಿ, ಬದಲಾದಿರಾ ಎಂದು ಕೇಳಿ, ಹೇಳಿದ್ದನ್ನು ನಂಬಿದ್ದು. 2012ರಲ್ಲಿ, ಎಂಬತ್ತರ ಹರೆಯದ ಹೊಸ್ತಿಲಲ್ಲಿ, ಆ ಅಧ್ಯಯನದಿಂದ ಅಂಥದ್ದೇನೂ ಹೇಳಲಾಗದು, ಇದನ್ನು ನಂಬಿ ಸಮಯ ಕಳೆದುಕೊಂಡವರ ಕ್ಷಮೆ ಕೇಳುತ್ತೇನೆ ಎಂದು ಬರೆದರು. ನಿಮ್ಮ ಬಂಧು ಹೇಳಿದ ಡಾಕ್ಟರು ಯಾವುದಾದರೂ ಅಧ್ಯಯನ ತೋರಿಸಿದರೆ ಅದು ಇದೇ ಇರುವ ಸಾಧ್ಯತೆ ಜಾಸ್ತಿ. 'ಒಂದು ಮದುವೆ ಮಾಡಿ, ಸರಿಹೋಗುತ್ತಾನೆ' ಎನ್ನುವವರೂ ಸಿಗುತ್ತಾರೆ. ಅದರಲ್ಲಿ ಇನ್ನೊಂದು ಹುಡುಗಿಯ ಬಾಳೂ ಸೇರುತ್ತದೆ, ಅಷ್ಟೇ ವ್ಯತ್ಯಾಸ.

ಒಳ್ಳೆಯ ಡಾಕ್ಟರನ್ನು ಹುಡುಕುವುದು ಹೇಗೆ ಅಂದರೆ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ. "ನನ್ನ ತಮ್ಮ ಗೇ. ಅವನಿಗೆ ನಿದ್ದೆ ಇಲ್ಲ, ಖಿನ್ನತೆ ಇರಬಹುದು. ನೀವು ಯಾವುದಕ್ಕೆ ಚಿಕಿತ್ಸೆ ಕೊಡುತ್ತೀರಿ?" ಹೀಗೆ ಕೇಳಲು ಅವನ ಒಪ್ಪಿಗೆ ಮೊದಲು ಪಡೆಯಿರಿ, ಹೆಸರು ಹೇಳದಿದ್ದರೂ ನಡೆಯುತ್ತದೆ. ಎರಡಕ್ಕೂ ಕೊಡುತ್ತೇವೆ ಎಂದರೆ ಫೋನು ಇಟ್ಟುಬಿಡಿ. ಭೇಟಿಯಲ್ಲಿ ಮೊದಲ ಅರ್ಧ ಗಂಟೆ ನಿದ್ದೆ, ಊಟ, ಸಾಯುವ ಯೋಚನೆಯ ಬಗ್ಗೆ ಕೇಳಿದರೆ ನೀವು ಸರಿಯಾದ ಕಡೆ ಬಂದಿದ್ದೀರಿ.

ತನ್ನ ಒಲವು ಯಾರತ್ತ ಎಂದು ನಿಮ್ಮ ತಮ್ಮನಿಗೆ ಗೊತ್ತಿದೆ, ಹೇಳಿಯೂ ಆಗಿದೆ. ಆದ್ದರಿಂದ ಈಗ ಹೇಳುವ ಮಾತು ಅವನಿಗೆ ಹೊಂದುವುದಿಲ್ಲ, ಆದರೂ ಇದನ್ನು ಓದುವ ಬೇರೆ ಯಾರಿಗೋ ಬೇಕಾದೀತು. ಕೆಲವರಿಗೆ ಒಲವಿನ ಸುಳಿವೇ ಇಲ್ಲದೆ 'ನಾನು ಗೇ ಇರಬಹುದಾ' ಎಂಬ ಒಂದೇ ಅನುಮಾನ ದಿನಕ್ಕೆ ನೂರು ಸಲ ಕಾಡುತ್ತದೆ. ಪರೀಕ್ಷಿಸಿ ನೋಡುತ್ತಾರೆ, ಸಮಾಧಾನವಾಗುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ಶುರು. ಅದು ಗೀಳು ಕಾಯಿಲೆಯ ಒಂದು ರೂಪ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಅಪ್ಪ ಅಮ್ಮನಿಗೆ ನೀವಾಗಿ ಹೇಳಬೇಡಿ. ಹೇಳುವುದು, ಬಿಡುವುದು, ಯಾವಾಗ ಹೇಳುವುದು ಎಲ್ಲ ಅವನಿಗೆ ಬಿಟ್ಟದ್ದು. ಖಿನ್ನತೆ ಸ್ವಲ್ಪ ಇಳಿಯುವವರೆಗೆ ಆ ಮಾತನ್ನೇ ಎತ್ತದಿದ್ದರೂ ಆಯಿತು. "ನಿದ್ದೆ ಬರುತ್ತಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇವೆ" ಎಂದು ಮನೆಯಲ್ಲಿ ಹೇಳಿ. ಅದು ಸುಳ್ಳೂ ಅಲ್ಲ. ಬಂಧುವಿಗೆ, ನೀವು ವಿಚಾರಿಸಿದ 'ಯಾರೋ' ಬೇರೆ ಡಾಕ್ಟರನ್ನು ನೋಡಿಕೊಂಡರಂತೆ ಎಂದರೆ ಸಾಕು.

ಅವನ ಜೊತೆ ಇಡೀ ದಿನ ಇದನ್ನೇ ಮಾತಾಡಬೇಕಿಲ್ಲ. ಅವನು ಹೇಳಿ ಒಂದು ತಿಂಗಳಾಯಿತು. ಅಕ್ಕ ಅವತ್ತಿನಿಂದ ಬೇರೆ ಥರ ನೋಡುತ್ತಿದ್ದಾಳಾ ಎಂದು ಅವನು ದಿನಾ ನಿಮ್ಮ ಮುಖ ನೋಡುತ್ತಿರುತ್ತಾನೆ. ಯಾವಾಗಲಾದರೂ ಸುಮ್ನೆ ಕೂತಿದ್ದಾಗ, ಯಾರಾದರೂ ಇದ್ದಾನೇನೋ ಎಂದು ಕೇಳಿ. 'ಇದ್ದಾನೇನೋ' ಅಂತಲೇ ಕೇಳಿ, 'ಇದ್ದಾರಾ' ಅನ್ನಬೇಡಿ.